ಹೊರಹರಿವು

ಅವತ್ತು ನಂಜನಗೂಡಿನಲ್ಲಿ ಮಳೆ ಇರಲಿಲ್ಲ.
ಇದನ್ನು ಮೊದಲು ಹೇಳಬೇಕು, ಯಾರೂ ನಂಬುವುದಿಲ್ಲ.
ಬಿಸಿಲಿತ್ತು. ಅವ್ವ ಮೆಣಸಿನಕಾಯಿ ಹರವಿದ್ದಳು.
ತಂತಿಯ ಮೇಲೆ ಸಿದ್ದರಾಜುವಿನ ಯೂನಿಫಾರ್ಮು
ಗರಿಗರಿ ಒಣಗಿತ್ತು.
ಮಳೆ ಬಿದ್ದದ್ದು ವಯನಾಡಿನಲ್ಲಿ,
ನಾವು ಯಾರೂ ಕಾಣದ ಬೆಟ್ಟಗಳ ಮೇಲೆ, ಮೂರು ದಿನ ಮೊದಲು.
ಕಪಿಲೆ ಹಳ್ಳದಕೇರಿಗೆ ಬಂದದ್ದು
ಬೀದಿಯಿಂದಲ್ಲ, ಬಚ್ಚಲ ತೂತಿನಿಂದ,
ಮಧ್ಯಾಹ್ನದ ಊಟದ ಹೊತ್ತಿಗೆ,
ಸದ್ದಿಲ್ಲದೆ.

ಈಗ ಹನ್ನೊಂದು ತಿಂಗಳು.
ಗೋಡೆಗೆ ಎರಡು ಸಲ ಸುಣ್ಣ ಹೊಡೆದಾಗಿದೆ.
ನೀರು ನಿಂತ ಗೆರೆ ಅದರೊಳಗಿಂದಲೂ
ಹಳದಿಯಾಗಿ ಮೂಡುತ್ತದೆ.
ಸಿದ್ದರಾಜುವಿಗೆ ಅವತ್ತು ಗದ್ದದ ಮಟ್ಟ.
ಈಗ ಭುಜಕ್ಕಿಂತ ಒಂದು ಬೆರಳು ಮೇಲೆ.
ಭಾನುವಾರ ಭಾನುವಾರ ಬೆನ್ನು ಒತ್ತಿ ನಿಂತು ಅಳೆಯುತ್ತಾನೆ.
ಇಷ್ಟು ಹಟದಿಂದ ಬೆಳೆಯುವ ಹುಡುಗನನ್ನು
ನಾನು ನೋಡಿಲ್ಲ.
ರಾತ್ರಿ ಮಲಗುವಾಗ ಚಪ್ಪಲಿ ತಲೆದೆಸೆಗೆ,
ಸ್ಕೂಲ್ ಬ್ಯಾಗಿನ ಪಟ್ಟಿ ಮಣಿಕಟ್ಟಿಗೆ.

ನಾನು ಎದ್ದ ಕೂಡಲೆ ಫೋನಿನಲ್ಲಿ ಕಬಿನಿಯ ಮಟ್ಟ ನೋಡುತ್ತೇನೆ,
ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್,
ಬೇರೆ ಹುಡುಗಿಯರು ರಾಶಿಫಲ ನೋಡುವ ಹಾಗೆ.
ಮಾರ್ಚಿಯಲ್ಲೂ ನೋಡಿದೆ, ಜಲಾಶಯದ ಅಂಚು ಬಿರಿದಿದ್ದಾಗ.
ನಲ್ಲಿಯಲ್ಲಿ ನೀರಿಗೆ ಮೊದಲು ಗಾಳಿ ಬಂದು ಗೊರಗುಟ್ಟಿದರೆ
ಕೈಯ ತಟ್ಟೆ ಕೈಯಲ್ಲಿರುವುದಿಲ್ಲ.
"ಎಲ್ರಿಗೂ ಆಗಿದ್ದೇ ಕಣವ್ವ," ಅನ್ನುತ್ತಾಳೆ ಅವ್ವ,
"ನಿನಗೊಬ್ಬಳಿಗಾ?"
ಅಜ್ಜಿ ತೋಳಿಗೆ ಕರಿ ದಾರ ಕಟ್ಟಿದಳು.
ಅದೂ ಇದೆ.

ಮೈಸೂರಿನಿಂದ ಫ್ಲೇವಿಯಾ ಮೇಡಂ ಬರುತ್ತಾರೆ, ತಿಂಗಳಿಗೆರಡು ಸಲ.
ಆರೋಗ್ಯ ಕೇಂದ್ರದ ಲಸಿಕೆ ಕೋಣೆಯಲ್ಲಿ ಎರಡು ಕುರ್ಚಿ,
ಮಧ್ಯೆ ಗುಂಯ್ಗುಡುವ ಐಸ್ ಪೆಟ್ಟಿಗೆ.
ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆ ಬರಲಿಲ್ಲ?
ಒಂದೂ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು, ದಿನಾ.
ಕೆಲವು ದಿನ ಅಂದೆ.
ಅದು ಸುಳ್ಳಲ್ಲ, ಮರ್ಯಾದೆ.

ಹೇಳದೆ ಉಳಿದದ್ದು ಬೇರೆ.

ನಮ್ಮನ್ನೆಲ್ಲ ಕಲ್ಯಾಣ ಮಂಟಪದಲ್ಲಿ ಇಟ್ಟಿದ್ದರು, ಒಂಬತ್ತು ದಿನ.
ಊರವರು ಹೊಳೆದಂಡೆಗೆ ಹೋಗಿ
ಹದಿನಾರು ಕಾಲು ಮಂಟಪದ ತಲೆ ಮಾತ್ರ ಕಾಣುವುದನ್ನು
ಫೋಟೊ ತೆಗೆಯುತ್ತಿದ್ದರು.
ನಾನೂ ಮುಬೀನಾಳೂ ವೇದಿಕೆ ಹತ್ತಿ
ಮದುಮಕ್ಕಳ ಕೆಂಪು ವೆಲ್ವೆಟ್ ಕುರ್ಚಿಯಲ್ಲಿ ಕೂತೆವು.
ಅವಳು ಗಂಡು, ನಾನು ಹೆಣ್ಣು,
ಉಪ್ಪಿಟ್ಟಿನ ಕಾಳೇ ಅಕ್ಷತೆ.
ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.
ಹೇಳಿಬಿಡುತ್ತೇನೆ: ನನ್ನ ಬದುಕಿನಲ್ಲಿ
ಅಷ್ಟು ನಕ್ಕದ್ದು ಅದೇ ಮೊದಲು.

ಆ ಹೊತ್ತಿಗೇ ಎದುರುಮನೆ ಪುಟ್ಟಮಾದಯ್ಯ
ಹೊಲಿಗೆ ಮಿಷನ್ ತರುತ್ತೇನೆಂದು ಹಿಂದಿರುಗಿದ್ದರು.
ಮಿಷನ್ ಸಿಕ್ಕಿತು, ಮೂರನೆಯ ದಿನ.

ನಾನು ನಕ್ಕದ್ದು ಎಷ್ಟು ಗಂಟೆಗೆ,
ಅವರು ಬಾಗಿಲು ದಾಟಿದ್ದು ಎಷ್ಟು ಗಂಟೆಗೆ.
ಈ ಲೆಕ್ಕ ಮುಗಿಯುವುದಿಲ್ಲ.
ಬಸ್ಸಿನಲ್ಲಿ ಯಾರಾದರೂ ಜೋಕು ಹೇಳಿದರೆ
ಇಳಿದು ನಡೆದು ಹೋಗುತ್ತೇನೆ.

ನಾಲ್ಕನೆಯ ಸಲ ಹೋದಾಗ ಹೇಳಿದೆ.
ಮೇಡಂ ಪೆನ್ನಿನ ಮುಚ್ಚಳ ಹಾಕಿದರು.
ನಿನ್ನ ತಪ್ಪಲ್ಲಮ್ಮ ಅನ್ನುತ್ತಾರೇನೋ ಅಂದುಕೊಂಡೆ.
ಅನ್ನಲಿಲ್ಲ.
"ಅವರು ಏನು ಹೊಲೀತಿದ್ರು?" ಅಂದರು.

ಯೂನಿಫಾರ್ಮು. ನಮ್ಮ ಕೇರಿಯ ಎಲ್ಲ ಹುಡುಗರದ್ದೂ.
ಸಿದ್ದರಾಜುವಿನ ಪ್ಯಾಂಟಿಗೆ ಒಳಗಡೆ
ನಾಲ್ಕು ಬೆರಳು ಬಟ್ಟೆ ಮಡಿಸಿ ಬಿಟ್ಟಿದ್ದರು,
"ಈ ಬಡ್ಡೀಮಗ ಉದ್ದ ಬೆಳೀತಾನೆ" ಅಂತ,
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.
ಹೇಳುತ್ತಾ ಹೇಳುತ್ತಾ ನನಗೆ ನಗು ಬಂತು,
ಆಮೇಲೆ ಬೇರೆ ಏನೋ ಬಂತು.
ಲಸಿಕೆಗೆ ಕಾದಿದ್ದ ಕೂಸೊಂದು ಬಾಗಿಲಲ್ಲಿ
ಅಳು ನಿಲ್ಲಿಸಿ ನನ್ನನ್ನೇ ನೋಡಿತು.

ನಿನ್ನೆ ರಾತ್ರಿ ಆ ಮಡಿಕೆ ಬಿಚ್ಚಿದೆ.
ಬ್ಲೇಡಿನಿಂದ ಒಂದೊಂದೇ ಹೊಲಿಗೆ,
ಅವರ ಕೈಯ ಸಣ್ಣ ಸಣ್ಣ ಹೊಲಿಗೆ.
ಮಸುಕಾದ ಪ್ಯಾಂಟಿನ ತುದಿಗೆ ಹೊಸ ನೀಲಿ,
ಅದರ ಸಂದಿಯಲ್ಲಿ ಒಂದು ಚಿಟಿಕೆ ಹೊಳೆಮಣ್ಣು, ಹಿಟ್ಟಿನಷ್ಟು ನುಣುಪು.
ಎಷ್ಟು ಒಗೆದಿದ್ದೆವು ಅದನ್ನು.
ಬಾಗಿಲಾಚೆ ಕೊಡವಿದೆ.

ಬೆಳಿಗ್ಗೆ ಸಿದ್ದರಾಜು ಹಾಕಿಕೊಂಡು ಹೋದ.
ಎಂಟು ಗಂಟೆಯಾಯಿತು, ನಾನಿನ್ನೂ ಮಟ್ಟ ನೋಡಿಲ್ಲ.
ಬಿಸಿಲಿದೆ.
ಬಿಸಿಲಿದ್ದ ಮಾತ್ರಕ್ಕೆ ಏನೂ ಅಲ್ಲ, ಗೊತ್ತು.
ಒಂಬತ್ತಕ್ಕೆ ನೋಡುತ್ತೇನೆ.