ಆಪ್ಶನ್ ಎಂಟ್ರಿ ಮಾಡಿಕೊಡಲಾಗುವುದು

ಬೋರ್ಡು ನಾನೇ ಬರೆದದ್ದು, ಕೆಂಪು ಸ್ಕೆಚ್‌ಪೆನ್ನಿನಲ್ಲಿ.
ಜಾಗ ಸಾಲದೆ 'ವುದು' ಕೆಳಗೆ ಬಿದ್ದಿದೆ.
ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿ,
ಒಂದು ಜೆರಾಕ್ಸು, ಎರಡು ಕಂಪ್ಯೂಟರು,
ತಿರುಗುವುದಕ್ಕಿಂತ ಹೆಚ್ಚು ನರಳುವ ಫ್ಯಾನು,
ಬಾಗಿಲು ತೆರೆದರೆ ಬಂದರು.

ವರ್ಷವಿಡೀ ಇವರು ಒಬ್ಬೊಬ್ಬರೇ ಬಂದವರು,
ಹಳೆಯ ಪ್ರಶ್ನೆಪತ್ರಿಕೆ ಹಿಡಿದು,
"ಅಕ್ಕಾ, ಒಂದು ಪುಟಕ್ಕೆ ನಾಲ್ಕು ಬರ್ಲಿ, ಎರಡೂ ಬದಿ."
ಇರುವೆಯಷ್ಟು ಸಣ್ಣ ಕೆಮಿಸ್ಟ್ರಿ
ನನ್ನ ಗಾಜಿನ ಕೆಳಗೆ ಹಸಿರು ಬೆಳಕಾಗಿ ಹಾದುಹೋಯಿತು.
ಈಗ ಬರುತ್ತಾರೆ ಅಪ್ಪನೊಂದಿಗೆ, ಅಮ್ಮನೊಂದಿಗೆ,
ಇಲ್ಲವೇ ಎಲ್ಲ ತಿಳಿದ ಒಬ್ಬ ಮಾವನೊಂದಿಗೆ.

ಎಲ್ಲರ ಪಾಸ್‌ವರ್ಡೂ ನನಗೆ ಗೊತ್ತು.
ಅರ್ಧ ಜನರದ್ದು ಹುಟ್ಟಿದ ದಿನ.
ಒಬ್ಬಳು ಮಾತ್ರ ಕಿವಿಯ ಹತ್ತಿರ ಬಂದು,
ಅಮ್ಮನಿಗೆ ಕೇಳದ ಹಾಗೆ, ಬಿಡಿಬಿಡಿಯಾಗಿ ಹೇಳಿದಳು
ಒಂದು ಹುಡುಗನ ಹೆಸರು, ಕೊನೆಗೆ ಒಂದು ಎರಡು ಮೂರು.
ಟೈಪು ಮಾಡಿದೆ. ಸಾಲಾಗಿ ನಕ್ಷತ್ರ ಮೂಡಿದವು.

ಆಧಾರದಲ್ಲಿ ಸಾಲ್ಯಾನ್, ಮಾರ್ಕ್ಸ್‌ಕಾರ್ಡಿನಲ್ಲಿ ಸಾಲಿಯಾನ.
ಆ ಒಂದು ಗುಡಿಸಿಗೆ ಒಬ್ಬ ತಂದೆ
ಮೂರು ದಿನದ ಸಂಬಳ ಕಟ್ಟಿದ.

ನಿನ್ನೆ ಬಂದವಳು ಪ್ರಜ್ವಿತಾ ಮೆಂಡನ್, ಬೆಂಗ್ರೆಯವಳು.
ಹೊಳೆ ದಾಟಿ ಬಂದಿದ್ದರು, ಕೊಡೆ ಒಂದು, ತಲೆ ಎರಡು.
ಜೂನ್ ಮುಗಿಯುತ್ತಿತ್ತು, ಬೋಟುಗಳೆಲ್ಲ ದಡದಲ್ಲಿ,
ಹಾಗಾಗಿ ಅಪ್ಪನಿಗೆ ಬಿಡುವು.
ಅವರ ಅಂಗಿ ಜೇಬಿನಲ್ಲಿ ಒಂದು ಚೀಟಿ,
ಸಂಘದ ಕಾರ್ಯದರ್ಶಿಯ ಕೈಬರಹ:
ಕಂಪ್ಯೂಟರ್ ಸೈನ್ಸ್, ಹನ್ನೊಂದು ಕಾಲೇಜು, ನಂಬರ್ ಸಮೇತ.
ನಾನು ಹಾಕುತ್ತಾ ಹೋದೆ.
ಹುಡುಗಿ ಉಗುರಿನಿಂದ ಮೇಜಿನ ಮೈಕಾ ಕೆರೆಯುತ್ತಿದ್ದಳು.
ಹನ್ನೆರಡನೆಯದು ಅವಳು ಹೇಳಿದ್ದು, ಮೆಲ್ಲಗೆ,
ಎಕ್ಕೂರಿನ ಫಿಶರೀಸು.

ಆಗ ಕರೆಂಟು ಹೋಯಿತು.
ಯುಪಿಎಸ್ಸು ಕೂಗತೊಡಗಿತು, ಕೋಳಿಮರಿಯ ಹಾಗೆ.
ಹತ್ತು ನಿಮಿಷ ಇರ್ತದೆ, ಎಂದೆ.
ಕತ್ತಲಲ್ಲಿ ಮಾತು ಸುಲಭವೋ ಏನೋ,
"ಅಪ್ಪ, ಅದು ಮೊದಲು ಬರ್ಲಿ."

"ಮೀನ್ ಕಲ್ಪೆರೆ ಕಾಲೇಜಾ?"
ಅವರು ನಕ್ಕರು. ನನ್ನ ಕಡೆ ನೋಡಿದರು, ನಾನೂ ನಗಲಿ ಎಂದು.
ನಾನು ಕೀಬೋರ್ಡಿನ ಧೂಳು ಒರೆಸಿದೆ.

"ಬೂತಾಯಿ ಬಾರದ ವರ್ಷ
ನೀವು ಯಾರ್ಯಾರಲ್ಲಿ ಕೇಳಿದ್ರಿ ಅಪ್ಪ, ಎಂತಕ್ಕೆ ಬರ್ಲಿಲ್ಲ ಅಂತ?
ತಂಡೇಲರಲ್ಲಿ ಕೇಳಿದ್ರಿ, ಐಸ್ ಫ್ಯಾಕ್ಟರಿಯಲ್ಲಿ ಕೇಳಿದ್ರಿ,
ದೇವಸ್ಥಾನದಲ್ಲೂ ಕೇಳಿದ್ರಿ."

ಯುಪಿಎಸ್ಸು ಕೂಗುತ್ತಲೇ ಇತ್ತು.
ಅವರು ತನ್ನ ಹೆಬ್ಬೆರಳು ನೋಡಿಕೊಂಡರು,
ಬಲೆ ಹೆಣೆಯುವ ಸೂಜಿ ಕೂತು ಕೂತು ಗಟ್ಟಿಯಾದ ಜಾಗ.
ಮೂರು ನಿಮಿಷ ಹೋಯಿತು, ಪರದೆಯ ಮೂಲೆಯಲ್ಲಿ ನೋಡಿದ್ದೇನೆ.
"ಕೆಳಗಿನದ್ದನ್ನು ಮೇಲೆ ತರ್ಲಿಕ್ಕೆ ಆಗ್ತದಾ?"

"ಸೇವ್ ಮಾಡುವವರೆಗೆ ಆಗ್ತದೆ."

ಒಂದು ಸಣ್ಣ ಬಾಣ. ಒತ್ತಿದೆ, ಹನ್ನೊಂದು ಸಲ.
ಪ್ರತಿ ಒತ್ತಿಗೂ ಒಂದು ಕಾಲೇಜು ಕೆಳಗಿಳಿಯಿತು.
ನನ್ನ ಕಾಲದಲ್ಲಿ ಈ ಬಾಣ ಇರಲಿಲ್ಲ.
ಅಣ್ಣ ಪೇಟೆಗೆ ಹೋಗಿ ಫಾರ್ಮು ತಂದಿದ್ದ,
ಒಂದೇ, ತನ್ನದು.

ಕರೆಂಟು ಬಂದ ಮೇಲೆ ಪ್ರಿಂಟು ಕೊಟ್ಟೆ, ಇಪ್ಪತ್ತು ರೂಪಾಯಿ.
ದೋಣಿಯಲ್ಲಿ ನೀರು ಹಾರುತ್ತದೆಂದು
ಯಾರದ್ದೋ ಮದುವೆ ಸೀರೆಯ ಪ್ಲಾಸ್ಟಿಕ್ ಚೀಲ ಹುಡುಕಿಕೊಟ್ಟೆ.
ರ‍್ಯಾಂಕು ಹೇಗುಂಟು ಅಂತ ನಾನು ಹೇಳುವುದಿಲ್ಲ,
ಅದು ಪಾಸ್‌ವರ್ಡಿನ ಹಾಗೆ.

ಮುಂದಿನ ಹುಡುಗನಿಗೆ ಒಟಿಪಿ ಬರುತ್ತಿರಲಿಲ್ಲ.
ಕಾಯುತ್ತಿದ್ದೆವು.
ಆಗ ಅವರು ಒಬ್ಬರೇ ಓಡಿಬಂದರು, ಕೊಡೆ ಮಗಳಿಗೆ ಬಿಟ್ಟು,
ಬಾಗಿಲಲ್ಲೇ ನಿಂತು, ನೀರು ಸುರಿಸುತ್ತಾ,
"ಅದು ಸೇವ್ ಆಗಿದೆಯಲ್ಲ?"

ಯಾಕೆ ಕೇಳಿದರೋ, ಮುಖ ನೋಡಿದರೆ ತಿಳಿಯಲಿಲ್ಲ.
ಪರದೆ ಅವರ ಕಡೆ ತಿರುಗಿಸಿದೆ.
ಒದ್ದೆ ಬೆರಳು ತಾಗಿಸದೆ, ಗಾಳಿಯಲ್ಲೇ ಹಿಡಿದು,
ಮೊದಲನೆಯ ಸಾಲು ಓದಿದರು,
ಅಕ್ಷರ ಅಕ್ಷರವಾಗಿ, ಎರಡು ಸಲ.