ಭಾನುವಾರದ ಕಾಗದ

ಭಾನುವಾರ, ಚರ್ಚು ಮುಗಿದು ಊಟದ ಬೆಲ್ಲಿಗೆ ಮುಂಚೆ,
ಮೈಸೂರಿನ ಬೋರ್ಡಿಂಗಿನಲ್ಲಿ ನಲವತ್ತು ಹುಡುಗರು, ನಲವತ್ತು ದೌತಿ.
ಡೆಸ್ಮಂಡ್ ದೊರೆ ಕರಿಹಲಗೆಯ ಮೇಲೆ ಬರೆದದ್ದನ್ನೇ
ಇಳಿಸಿಕೊಳ್ಳಬೇಕು: ಪ್ರೀತಿಯ ತಂದೆಗೆ,
ನಾನು ಕ್ಷೇಮ. ಹವೆ ಹಿತವಾಗಿದೆ.
ಎಲ್ಲ ಇಂಗ್ಲಿಷಿನಲ್ಲಿ. ಲಕೋಟೆ ಅಂಟಿಸುವವರು ಅವರೇ.

ನಮ್ಮಪ್ಪನಿಗೆ ಕನ್ನಡವೂ ಹೆಬ್ಬೆಟ್ಟಿನಷ್ಟೇ.
ಕಾಗದವನ್ನು ರುಮಾಲಿನೊಳಗೆ ಸಿಕ್ಕಿಸಿ
ಕಬ್ಬಿನ ಗಾಡಿಯ ಜೊತೆ ಮಂಡ್ಯಕ್ಕೆ ಒಯ್ದು
ತೂಕದ ಮನೆಯ ಗುಮಾಸ್ತ ಅಂಕನಾಥಯ್ಯನ ಮುಂದೆ ಬಿಚ್ಚುತ್ತಿದ್ದ.

ದಸರೆ ರಜೆಗೆ ಹೋದೆ. ಬೂಟು ಕಳಚುವ ಮೊದಲೇ:
"ಏನ್ಲಾ, ನೀವು ಮನಗೋ ಕ್ವಾಣೆಗೆ ನುಗ್ತಲ್ಲ ಆ ಕರ,
ದೊರೆ ಹಾಸ್ಗೆ ಮ್ಯಾಲೆ ಗಂಜ್ಲ ಉಯ್ತಲ್ಲ,
ಆಮ್ಯಾಕೇನಾಯ್ತು? ಅಯ್ನೋರು ಅಲ್ಲಿಗೇ ನಿಲ್ಸ್‌ಬುಟ್ರು."
ಅವ್ವ ಆಗಲೇ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಯಾವ ಕರ?
ನಾನು ಬರೆದದ್ದು ಹವೆ.
ಮೂರು ಸಾಲನ್ನು ಗಾಡಿ ಕಬ್ಬಿನ ಹಾಗೆ ತೂಗಿ
ಕೊರತೆ ಬಿದ್ದದ್ದನ್ನು ತನ್ನ ಕೈಯಿಂದ ತುಂಬಿದ್ದ ಪುಣ್ಯಾತ್ಮ.

"ಆಮೇಲೆ..." ಅಂದೆ. ಉಗುಳು ನುಂಗಿದೆ.
"ಬೆಲ್ ಹೊಡೆಯೋ ಚಿನ್ನಪ್ಪ ಅದರ ಬಾಲ ಹಿಡ್ಕಂಡು..."
ರಾಗಿಮುದ್ದೆ ಆರುವ ತನಕ ಹೇಳಿದೆ.

ಮರಳಿ ಬಂದ ಭಾನುವಾರ
ಹಲಗೆಯ ಮೂರು ಸಾಲಿನ ಕೆಳಗೆ ನಾಲ್ಕನೆಯದು ಹುಟ್ಟಿತು.
ಕರುವಿಗೆ ಡಿಕ್ಷನರಿ ತಿರುವಿದೆ:
ಮೀನಖಂಡಕ್ಕೂ ಅದೇ ಪದವಂತೆ, ಇರಲಿ.
ಐದು, ಆರು, ಹಾಳೆಯ ಬೆನ್ನಿಗೂ ಹರಿಯಿತು.

ದೊರೆ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.
ಅಂಗೈ ಆಗಲೇ ಬೆತ್ತಕ್ಕೆ ಬೆವರುತ್ತಿತ್ತು.
ಅವರು ಕೆಂಪು ಶಾಯಿಯಲ್ಲಿ
ಗಂಜಲದ ಸ್ಪೆಲಿಂಗು ಒಂದನ್ನು ತಿದ್ದಿ
ಲಕೋಟೆ ಅಂಟಿಸಿದರು.