ಹಿಂಡುವ ಕೈ

ಕಾಲಿಮ್ನೋಸ್ ದ್ವೀಪದ ಎವಾಂಥಿಯಾ
ರಾತ್ರಿಯೇ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ
ನಲ್ಲಿಯ ಕೊರಳಿಗೆ ನೇತುಹಾಕಿದ್ದಾಳೆ.
ತೊಟ್ಟು. ತುಸು ತಡೆದು, ಇನ್ನೊಂದು ತೊಟ್ಟು.

ಬೆಳಿಗ್ಗೆ ಸೌತೆ ತುರಿದು, ಉಪ್ಪು ಬೆರೆಸಿ
ಮುಷ್ಟಿಯಲ್ಲಿಟ್ಟು ಹಿಂಡುತ್ತಾಳೆ.
ಸ್ಟಾಮಾಟಿಸ್ ಕಡಲಿಗಿಳಿದು
ಮೇಲೆ ಬರುತ್ತಿದ್ದ ಕಾಲದಲ್ಲಿ
ಸ್ಪಂಜು ಹಿಂಡಿ ಪಳಗಿದ ಕೈ.
"ಸಾಕು ಬಿಡತ್ತೆ" ಎನ್ನುತ್ತಾಳೆ ಸೊಸೆ.
"ಎಲ್ಲಿ ಸಾಕು? ಒಳಗಿನ್ನೂ ಇದೆ."

ಬೆಳ್ಳುಳ್ಳಿ ಮೂರೆಸಳು;
ನಾಲ್ಕಾದರೆ ಪಾದ್ರಿ ದೂರ ನಿಲ್ಲುತ್ತಾನೆ.
ಆಲಿವ್ ಎಣ್ಣೆ. ಚೂರು ವಿನಿಗರ್.
ಸಬ್ಬಸಿಗೆಯೋ ಪುದೀನವೋ ಎಂಬ ಜಗಳ
ಸೊಸೆ ಬಂದ ವರ್ಷದ್ದು, ಇನ್ನೂ ತೀರಿಲ್ಲ.

ಸೊಸೆ ಬ್ರೆಡ್ಡು ಅದ್ದಿ ಬಾಯಿಗಿಡುತ್ತಾಳೆ. ಮಾತಿಲ್ಲ.

ಬಟ್ಟಲಲ್ಲಿ ಉಳಿದ ಹಸಿರು ನೀರನ್ನು
ಎವಾಂಥಿಯಾ ಚೆಲ್ಲುವುದಿಲ್ಲ.
ಕಿಟಕಿಯತ್ತ ತಿರುಗಿ, ನಿಂತಲ್ಲೇ
ಗಟಗಟ ಕುಡಿಯುತ್ತಾಳೆ.

ಉಪ್ಪು.